ಊದದ ಮುಂಗೈ

ಲ್ಯಾಬಿಗೆ ಹೊಸದಾಗಿ ಸೇರಿದವರು ಮನೆಗೆ ಬಂದರೆ ಚಹಾ ಮುಗಿಯುವ ಮೊದಲೇ ಒಂದು ಪ್ರಶ್ನೆ ಬರುತ್ತದೆ. "ಮೇಡಂ, ಇಷ್ಟು ವರ್ಷ ಟಿ.ಬಿ. ಮಂದಿ ನಡುವ ಕುಂತೀರಿ, ಅಂಜಿಕಿ ಬರ್ಲಿಲ್ಲೇನ್ರಿ?"

ಬಂದಿತ್ತು. ಕಫದ ಡಬ್ಬಿ ಕಂಡು ಮೊದಲ ಆರು ತಿಂಗಳು ಅಂಜಿದೆ. ಆಮೇಲಿನ ವರ್ಷಗಳೆಲ್ಲ ನಾನು ಅಂಜಿದ್ದು ನನ್ನ ಕೈಬರಹಕ್ಕೆ. ರಿಜಿಸ್ಟರಿನಲ್ಲಿ ನಾನು ಒಂದು ಅಂಕಿ ಬರೆದರೆ ಅದನ್ನು ಡಾಕ್ಟರು ನಂಬುತ್ತಾರೆ. ಡಾಕ್ಟರನ್ನು ತಾಯಿ ನಂಬುತ್ತಾಳೆ, ತಾಯಿಯನ್ನು ಮಗು ನಂಬುತ್ತದೆ. ಒಂದು ಸಲ ನನ್ನ ಪೆನ್ನು ಸೊನ್ನೆ ಬರೆಯಿತು. ಏಳು ವರ್ಷದ ಹುಡುಗಿಯೊಬ್ಬಳು ಆ ಸೊನ್ನೆಯನ್ನು ನಂಬಿ ಸಾವಿನ ಬಾಗಿಲಿನ ತನಕ ಹೋದಳು. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲು ಇವೆಲ್ಲ ಎಲ್ಲರ ಬಾಳಿನಲ್ಲೂ ಇದ್ದದ್ದೇ. ಈ ಕೆಲಸಕ್ಕೆ ಬರುವವರಿಗೆ ನಾನು ಕೊಡಬಹುದಾದದ್ದು ಆ ಸೊನ್ನೆಯ ಸಂಗತಿ ಒಂದೇ. ಅದಕ್ಕೆ ಮೊದಲು ಎರಡು ಸಣ್ಣ ಮಾತು ಹೇಳಬೇಕು, ಇಲ್ಲದಿದ್ದರೆ ಇದರ ತಳ ಹತ್ತುವುದಿಲ್ಲ.

ನನ್ನ ಮೊದಲ ನೌಕರಿ ಚಿತ್ತಾಪುರದಲ್ಲಿ. ಮುಂಜಾನೆ ಎದ್ದ ಕೂಡಲೇ ಎದೆಯ ಆಳದಿಂದ ಕೆಮ್ಮಿ ತೆಗೆದ ಕಫ ತರಬೇಕು ಎಂದು ಡಬ್ಬಿ ಕೊಟ್ಟು ಕಳಿಸಿದರೆ ಅರ್ಧ ಮಂದಿ ಉಗುಳು ತರುತ್ತಿದ್ದರು. ಸಿದ್ದಪ್ಪ ಕಾಕಾ ಎಂಬ ಮುದುಕರೊಬ್ಬರು ಮಾತ್ರ ದಪ್ಪನೆಯ, ಹಳದಿ ಬಣ್ಣದ, ಲ್ಯಾಬಿನವರಿಗೆ ನೋಡಿದ ಕೂಡಲೇ ಸಮಾಧಾನವಾಗುವಂಥ ಕಫ ತಂದರು. ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನೀಲಿ ಬಯಲಿನ ತುಂಬ ಕೆಂಪು ಕಡ್ಡಿಗಳು. ಗುಳಿಗೆ ಶುರು ಮಾಡಲು ಕರೆಸಿದೆವು.

"ನನಗ್ಯಾಕ್ರಿ ಗುಳಿಗಿ?" ಎಂದರು ಕಾಕಾ.

"ನಿಮ್ಮ ಕಫದಾಗ ಟಿ.ಬಿ. ಬಂದದ ಕಾಕಾ."

"ಅದು ನಂದಲ್ಲ ತಂಗಿ. ನಂದು ಬರೇ ನೀರು ನೀರು ಬರ್ಲಿಕತ್ತಿತ್ತು. ಸರಕಾರಿ ದವಾಖಾನಿಗಿ ಅಂಥಾದು ಹ್ಯಾಂಗ ಕೊಡೂದಂತ ನಮ್ಮ ತಮ್ಮಂದು ತಂದೆ. ಅಂವಂದು ಭಾಳ ಛಲೋ ಬರ್ತದ."

ಮೊದಲು ಎಲ್ಲರೂ ನಕ್ಕೆವು. ಆಮೇಲೆ ಆ ತಮ್ಮನ ಮನೆಗೆ ಓಡಿದೆವು. ಅವನು ಹಾಸಿಗೆ ಹಿಡಿದು ಎರಡು ತಿಂಗಳಾಗಿತ್ತು. ಮನೆಯಲ್ಲಿ ಯಾರೂ ಅದನ್ನು ರೋಗ ಎಂದುಕೊಂಡಿರಲಿಲ್ಲ. ಅಣ್ಣನ ಮರ್ಯಾದೆಯಿಂದ ತಮ್ಮ ಬದುಕಿದ. ಪರೀಕ್ಷೆ ಎಷ್ಟು ಚೆನ್ನಾಗಿ ಮಾಡಿದರೂ ಅದಕ್ಕೆ ಮೊದಲು ಕೇಳಬೇಕಾದ ಮಾತನ್ನು ಕೇಳದಿದ್ದರೆ ಉತ್ತರ ಬೇರೆಯವರ ಮನೆಗೆ ಹೋಗುತ್ತದೆ ಎಂದು ಅಂದೇ ತಿಳಿಯಬೇಕಿತ್ತು. ತಿಳಿದೆ ಎಂದುಕೊಂಡೆ ಕೂಡ.

ಎರಡನೆಯದು ಹಿರೇಮಠ ಡಾಕ್ಟರ ಪಾಠ. ಶಹಾಬಾದಕ್ಕೆ ವರ್ಗವಾಗಿ ಬಂದಾಗ ಅವರು ನನ್ನ ಮೇಲಿನ ಅಧಿಕಾರಿ. ನಗುವುದು ಕಡಿಮೆ, ಬೈಯುವುದು ಅದಕ್ಕೂ ಕಡಿಮೆ, ಸುಮ್ಮನೆ ನೋಡುವುದು ಜಾಸ್ತಿ. ಆ ನೋಟಕ್ಕಿಂತ ಬೈಗುಳವೇ ವಾಸಿ ಎನಿಸುತ್ತಿತ್ತು. ಕ್ಷಯದ ಸೋಂಕು ಮೈಯೊಳಗೆ ಹೊಕ್ಕಿದೆಯೇ ಎಂದು ನೋಡಲು ಮಾಂಟೂ ಎಂಬ ಪರೀಕ್ಷೆ ಇದೆ. ಎಡ ಮುಂಗೈಯ ಚರ್ಮದ ಪದರಿನೊಳಗೆ ಕ್ಷಯದ ಕ್ರಿಮಿಯ ಸತ್ವವನ್ನು ಒಂದು ಹನಿಯಷ್ಟು ಬಿಡಬೇಕು. ತೊಗರಿ ಬ್ಯಾಳಿಯಷ್ಟು ಗುಳ್ಳೆ ಏಳುತ್ತದೆ, ಇಳಿಯುತ್ತದೆ. ಎರಡು ದಿನ ಕಳೆದ ಮೇಲೆ, ಮೂರು ದಿನ ಮೀರುವುದರೊಳಗೆ ಆ ಜಾಗವನ್ನು ನೋಡಬೇಕು. ನಾನು ಮೂಟೆ ಹೊರುವ ಒಬ್ಬ ಹಮಾಲನ ಕೈ ನೋಡಿ, ಕೆಂಪಾದದ್ದನ್ನೆಲ್ಲ ಪಟ್ಟಿ ಇಟ್ಟು ಅಳೆದು ಹದಿನೈದು ಮಿಲಿಮೀಟರ್ ಎಂದು ಬರೆದೆ.

ಹಿರೇಮಠ ಡಾಕ್ಟರು ಅವನನ್ನು ವಾಪಸ್ ಕರೆಸಿದರು. "ಬಿಲ್ಕೀಸ್ ಬಾಯಿ, ಕಣ್ಣು ಮುಚ್ರಿ" ಎಂದರು. "ಈಗ ಬೆರಳಿಲೆ ನೋಡ್ರಿ. ಕೆಂಪು ನಮಗ ಬ್ಯಾಡ. ಗಟ್ಟಿ ಎಲ್ಲಿ ಅದ ಹೇಳ್ರಿ."

ಬೆರಳಿಗೆ ಗಟ್ಟಿ ಎಂಬುದು ಸಿಕ್ಕಿದ್ದು ನಾಲ್ಕು ಮಿಲಿಮೀಟರ್. ಹಮಾಲ ನಮ್ಮಿಬ್ಬರನ್ನೂ ನೋಡಿ, "ಕೈ ನಂದೇ ಅದ್ರಿ, ನಿಧಾನಕ್ಕ ನೋಡ್ರಿ" ಎಂದ. ಡಾಕ್ಟರು ಒಂದು ಬಾಲ್ ಪೆನ್ನು ತೆಗೆದುಕೊಂಡು ದೂರದಿಂದ ಚರ್ಮದ ಮೇಲೆ ಗೆರೆ ಎಳೆಯುತ್ತ ನಡುವಿನ ಕಡೆಗೆ ಬಂದರು. ಗಟ್ಟಿ ಜಾಗ ಬಂದಲ್ಲಿ ಪೆನ್ನು ತಾನಾಗಿ ತಡೆಯಿತು. "ಪೆನ್ನು ನಿಂತಲ್ಲಿ ನಿಲ್ರಿ. ನಿಮ್ಮ ಮನಸ್ಸು ಹೇಳಿದಲ್ಲಿ ನಿಲ್ಲಬ್ಯಾಡ್ರಿ."

ಅದರ ಹಿಂದಿನ ತತ್ವವನ್ನು ಅವರು ಹೇಳಿಕೊಟ್ಟದ್ದು ಪುಸ್ತಕದ ಮಾತಿನಲ್ಲಲ್ಲ. "ಇದು ಕಳ್ಳನ ರುಮಾಲು ಇದ್ದಂಗ. ಓಣ್ಯಾಗ ತಂದು ಒಗದ್ರ, ಆ ಕಳ್ಳನ್ನ ಮೊದಲ ನೋಡಿದ ಮಂದಿ ಗುರ್ತ ಹಿಡದು ಓಡಿ ಬರ್ತಾರ, ಗುಂಪು ಕೂಡ್ತದ. ಕೈಯಾಗ ಗಟ್ಟಿ ಆಗೂದು ಆ ಗುಂಪು. ಕಳ್ಳನ್ನ ನೋಡೇ ಇಲ್ಲದ ಓಣ್ಯಾಗ ಯಾರೂ ಬರಂಗಿಲ್ಲ." ಮತ್ತೆ ಹೇಳಿದರು: "ಆದ್ರ ನೆನಪಿಡ್ರಿ, ಓಣಿ ಮಂದಿ ಎಲ್ಲಾ ಜಡ್ಡು ಬಿದ್ದು ಮಲಗಿದ್ರೂ ಯಾರೂ ಬರಂಗಿಲ್ಲ. ಹೊಟ್ಟಿಗಿ ಇಲ್ಲದ ಕೂಸು, ಎಚ್.ಐ.ವಿ. ಇದ್ದವರು, ಈಗೀಗ ಗೊಬ್ಬರ ಎದ್ದು ಆರಿದ ಕೂಸು, ಇವರ ಕೈ ಊದಂಗಿಲ್ಲ. ಎರಡೂ ಸೊನ್ನೀನೇ. ಯಾವ ಸೊನ್ನಿ ಅಂತ ಕೈ ಹೇಳಂಗಿಲ್ಲ, ನೀವು ಕೇಳ್ಬೇಕು."

ಗೊಬ್ಬರ ಎಂದರೆ ದಡಾರ. ಜ್ವರ ಬಂದು, ಮೈಯೆಲ್ಲ ಕೆಂಪು ದದ್ದು ಎದ್ದು, ವಾರದಲ್ಲಿ ಆರುತ್ತದೆ. ದದ್ದು ಆರಿದರೂ ಮೈಯ ಕಾವಲುಗಾರರು ವಾರಗಟ್ಟಲೆ ಏಳುವುದಿಲ್ಲ. ಆ ಹೊತ್ತಿನಲ್ಲಿಯೇ ಒಳಗೆ ಅಡಗಿ ಕುಳಿತ ಕ್ಷಯ ಎದ್ದು ಬರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಇಷ್ಟು ವರ್ಷ ಅದು ನನ್ನ ಬೆನ್ನು ಹತ್ತುತ್ತಿರಲಿಲ್ಲ.

ನಾನೂ ಹಿರೇಮಠ ಡಾಕ್ಟರೂ ವಾಡಿಯಲ್ಲಿ ಮತ್ತೆ ಜೊತೆಗೂಡಿದಾಗ ಹಣಮಂತ ಎಂಬುವನು ಬಂದ. ಶಹಾಬಾದದ ಅಂಗಳವೊಂದರಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸ, ದಿನಾ ರೈಲಿನಲ್ಲಿ ಹೋಗಿ ಬರುವವನು. ಕಫದಲ್ಲಿ ಕ್ರಿಮಿ ತುಂಬಿತ್ತು. ಅವನಿಗೆ ಔಷಧ ಶುರುವಾಯಿತು. ಮನೆಯವರನ್ನೆಲ್ಲ ಕರೆತರಲು ಹೇಳಿದೆವು. ಹೆಂಡತಿ ನಾಗಮ್ಮ ಮತ್ತು ಮಗಳು ಅಂಬೂ ಬಂದರು. ಅಂಬೂಗೆ ಏಳು ವರ್ಷ. ಕೆನ್ನೆ ಒಣಗಿತ್ತು, ಸಂಜೆ ಸಂಜೆ ಮೈ ಬಿಸಿ ಎಂದು ತಾಯಿ ಹೇಳಿದಳು. ಕೆಮ್ಮು ಅಷ್ಟಕ್ಕಷ್ಟೆ. ಎಕ್ಸರೇಯಲ್ಲಿ ಹೌದು ಎನ್ನುವಂಥದ್ದಿಲ್ಲ, ಇಲ್ಲ ಎನ್ನುವಂಥದ್ದೂ ಇಲ್ಲ. ಮಕ್ಕಳಿಗೆ ಕಫ ಕಾರಿಸುವುದು ಕಷ್ಟ. ಹೀಗಾಗಿ ಎಲ್ಲರ ಕಣ್ಣೂ ಮಾಂಟೂ ಕಡೆಗೆ ಹೋಯಿತು.

ಶನಿವಾರ ನಾನೇ ಸೂಜಿ ಹಾಕಿದೆ. ಅಂಬೂ ಅಳಲಿಲ್ಲ. ಗುಳ್ಳೆ ಎದ್ದದ್ದನ್ನು ನೋಡಿ, "ಯವ್ವಾ, ನನ್ನ ಕೈಯಾಗ ಬ್ಯಾಳಿ ಮೂಡ್ಯಾದ" ಎಂದಳು. ತಾಯಿಯ ಮುಖ ಮಾತ್ರ ಬಿಳಿಚಿಕೊಂಡಿತ್ತು. ಸೂಜಿಗೆ ಹೆದರುವ ತಾಯಂದಿರನ್ನು ನಾನು ದಿನಾ ನೋಡುತ್ತಿದ್ದೆ. ಅದರಲ್ಲಿ ಇದೂ ಒಂದು ಎಂದುಕೊಂಡೆ.

ಸೋಮವಾರ ತೋರಿಸಲು ಬರಲಿಲ್ಲ. ಹೊತ್ತು ಮೀರಿದರೆ ಪರೀಕ್ಷೆ ಹಾಳು. ಮಧ್ಯಾಹ್ನ ನಾನೇ ಅವರ ಮನೆ ಹುಡುಕಿಕೊಂಡು ಹೋದೆ. ಹೊಸ್ತಿಲ ಮುಂದೆ ನಿಂತು ತಲೆ ಎತ್ತಿದರೆ ಬಾಗಿಲಿಗೆ ಬೇವಿನ ತೊಂಗಲು ಕಟ್ಟಿತ್ತು. ಎಲೆ ಒಣಗಿ ಸುರುಳಿಯಾಗಿತ್ತು.

ಇಲ್ಲಿ ನಾನು ಯಾರ ಕೈಯಲ್ಲಿ ಬೆಳೆದೆ ಎಂಬುದನ್ನು ಹೇಳಬೇಕು. ನನಗೆ ಮಾತು ಕಲಿಸಿದವಳು ತೆಂಗಳಿಯ ನಾನಿ, ನನ್ನ ತಾಯಿಯ ತಾಯಿ. ಮನೆಯೊಳಗೆ ದಖನಿ ಉರ್ದು, ತೊಗರಿ ಹೊಲದಲ್ಲಿ ಕನ್ನಡ. ಯಾರ ಮನೆಯಲ್ಲಿ ಏನು ಆಡಬೇಕು ಎನ್ನುವುದಕ್ಕಿಂತ ಏನು ಆಡಬಾರದು ಎನ್ನುವುದನ್ನು ಅವಳು ಹೆಚ್ಚು ಕಲಿಸಿದ್ದಳು. ಮಕ್ಕಳ ಮೈಮೇಲೆ ದದ್ದು ಎದ್ದರೆ ನಮ್ಮ ಕಡೆ ದೇವಿ ಬಂದಿದ್ದಾಳೆ ಎನ್ನುತ್ತಾರೆ. ಬಾಗಿಲಿಗೆ ಬೇವು ಕಟ್ಟುತ್ತಾರೆ. ಹೊರಗಿನವರು ಒಳಗೆ ಹೋಗುವುದಿಲ್ಲ, ಹೋದರೂ ಆ ಮಾತು ಎತ್ತುವುದಿಲ್ಲ. ಎತ್ತಿದರೆ ದೇವಿ ಮುನಿಯುತ್ತಾಳೆ ಎಂದು ಆ ಮನೆಯವರ ನಂಬಿಕೆ. ಅದು ನಮ್ಮ ಮನೆಯ ದೇವರಲ್ಲ ಎಂದು ನಾನಿ ಯಾವತ್ತೂ ತಾತ್ಸಾರ ಮಾಡಿದವಳಲ್ಲ. "ಬಾಗಿಲಿಗಿ ಬೇವು, ಬಾಯಿಗಿ ಬೀಗ" ಎನ್ನುತ್ತಿದ್ದಳು. ಬೇವು ಕಂಡ ಮನೆಯ ಮುಂದೆ ಅವಳು ಸೆರಗು ಸರಿಮಾಡಿಕೊಂಡು, ತಲೆ ಬಗ್ಗಿಸಿ ಹೋಗುತ್ತಿದ್ದಳು. ನಾನು ಅವಳ ಬೆರಳು ಹಿಡಿದು ಹೋಗುತ್ತಿದ್ದೆ.

ಆ ಸೋಮವಾರವೂ ನಾನು ಹಾಗೆಯೇ ತಲೆ ಬಗ್ಗಿಸಿ ಒಳಗೆ ಹೋದೆ.

ಹಣಮಂತನ ತಾಯಿ ಗಂಗಮ್ಮ ಒಲೆಯ ಮುಂದೆ ಇದ್ದಳು. ಬ್ಯಾಳಿ ಕುದಿಯುತ್ತಿತ್ತು. ಪಕ್ಕದಲ್ಲಿ ಊಟಕ್ಕೆ ಕುಳಿತ ತಾಯಿ ಮಗಳ ತಟ್ಟೆಯಲ್ಲಿ ಒಗ್ಗರಣೆ ಇಲ್ಲದ ಬ್ಯಾಳಿ. ದೇವಿ ಬಂದ ಮನೆಯಲ್ಲಿ ಎಣ್ಣೆ ಕಾಯಿಸುವುದಿಲ್ಲ. ಅದನ್ನೂ ನನ್ನ ಮೂಗು ಕಂಡುಕೊಂಡಿತು. ಅಂಬೂ ಕೈ ಚಾಚಿದಳು. ಕಣ್ಣು ಮುಚ್ಚಿ ಬೆರಳಾಡಿಸಿದೆ. ನಾಲ್ಕೂ ಕಡೆಯಿಂದ ಪೆನ್ನು ಎಳೆದೆ. ಎಲ್ಲಿಯೂ ತಡೆಯಲಿಲ್ಲ. ಕೈ ನುಣುಪಾಗಿ, ಸುಮ್ಮನೆ ಬಿದ್ದುಕೊಂಡಿತ್ತು. ನಮೂನೆಯಲ್ಲಿ ಒಂದು ಸಾಲು ಇತ್ತು: ಈಚೆಗೆ ಬೇರೆ ಕಾಯಿಲೆ ಬಂದಿತ್ತೇ?

"ಎರಡು ತಿಂಗಳದಾಗ ಹುಡುಗಿಗಿ ಬ್ಯಾರೆ ಯಾವುದರ ಜಡ್ಡು ಬಂದಿತ್ತೇನ್ರಿ?" ಎಂದು ಕೇಳಿದೆ. ಕೇಳುವಾಗ ಬಾಗಿಲ ಕಡೆ ನೋಡಲಿಲ್ಲ.

ನಾಗಮ್ಮ ಅತ್ತೆಯ ಬೆನ್ನು ನೋಡಿದಳು. "ಯಾವ ಜಡ್ಡೂ ಇಲ್ರಿ ಅಕ್ಕೋರ" ಎಂದಳು.

ಅದು ಸುಳ್ಳಲ್ಲ. ಅವಳ ಲೆಕ್ಕದಲ್ಲಿ ದೇವಿ ಜಡ್ಡಲ್ಲ. ಸುಳ್ಳು ನನ್ನದು. ದೇವಿಯ ಭಾಷೆ, ದವಾಖಾನೆಯ ಭಾಷೆ, ನನಗೆ ಎರಡೂ ಗೊತ್ತಿದ್ದವು. ಆದರೂ ನಾನು ಆ ಸಾಲಿನ ಮುಂದೆ ಇಲ್ಲ ಎಂದು ಬರೆದೆ. ಅದರ ಕೆಳಗೆ ಸೊನ್ನೆ ಮಿಲಿಮೀಟರ್ ಎಂದು ಬರೆದೆ. ಎದ್ದು ಬರುವಾಗ ಮೇಲಿನಿಂದ ಒಂದು ಬುದ್ಧಿಮಾತನ್ನೂ ಹೇಳಿದೆ: "ಹಣಮಂತಂದು ಕೆಮ್ಮು ಕಡಿಮಿ ಆಗೂ ತನ ಹುಡುಗಿನ್ನ ದೂರ ಇಡ್ರಿ."

ಹಿರೇಮಠ ಡಾಕ್ಟರು ನಮೂನೆ ನೋಡಿದರು. ಇಲ್ಲ ಎಂಬುದನ್ನು ನೋಡಿದರು, ಸೊನ್ನೆಯನ್ನು ನೋಡಿದರು. ಟಿ.ಬಿ. ಔಷಧ ಬೇಡ ಎಂದು ತೀರ್ಮಾನಿಸಿ, ಸಾಮಾನ್ಯ ಎದೆ ಸೋಂಕಿನ ಔಷಧ ಕೊಟ್ಟರು. ಎರಡು ವಾರ ಬಿಟ್ಟು ತೋರಿಸಿ ಎಂದರು. ನಾಗಮ್ಮ ನನ್ನ ಬುದ್ಧಿಮಾತನ್ನು ಚಾಚೂ ತಪ್ಪದೆ ನಡೆಸಿದಳು. ಮಗಳನ್ನು ಕರೆದುಕೊಂಡು ಚಿಂಚೋಳಿ ಕಡೆಯ ತವರಿಗೆ ಹೋದಳು.

ಹನ್ನೆರಡು ದಿನ ಕಳೆದವು. ಸೇಡಂ ಆಸ್ಪತ್ರೆಯಲ್ಲಿ ಹಳೆಯ ಸ್ಲೈಡುಗಳನ್ನು ಮರುಪರೀಕ್ಷೆ ಮಾಡಲು ನನ್ನನ್ನು ಕರೆದಿದ್ದರು. ನಾನು ಕುಳಿತ ಕಿಟಕಿಯ ಹಿಂದೆ ಇಬ್ಬರು ಆರೋಗ್ಯ ಸಹಾಯಕಿಯರು ಕೋಷ್ಟಕ ತುಂಬುತ್ತ ಮಾತಾಡುತ್ತಿದ್ದರು.

"ಈ ಸಲ ಗೊಬ್ಬರ ಭಾಳ ಎದ್ದಾದ ನೋಡು ಬೇ. ವಾಡಿ ಕಡಿನೂ ಅದನಂತ."

"ಮಂದಿ ಬಾಯಿ ಬಿಡಬೇಕಲ್ಲ ಬೇ! ಜಡ್ಡು ಅದನೇನ್ರಿ ಅಂದ್ರ ಇಲ್ಲಂತಾರ. ನಾ ಅಂತೂ ಕೇಳೂದೇ ಬಿಟ್ಟೀನಿ. ಬಾಗಿಲಾಗ ಬೇವು ಕಂಡ್ರ ಬರಕೋತೀನಿ."

ಸೂಕ್ಷ್ಮದರ್ಶಕದ ಮೇಲಿದ್ದ ನನ್ನ ಕೈ ನಿಂತಿತು. ಕಣ್ಣ ಮುಂದೆ ಇದ್ದ ನೀಲಿ ಮಸುಕಾಯಿತು. ಒಣಗಿದ ಆ ಎಲೆ, ಬರಿ ಬ್ಯಾಳಿ, ಅತ್ತೆಯ ಬೆನ್ನು ಒಂದೊಂದಾಗಿ ಬಂದು ಮುಂದೆ ನಿಂತವು. ಹೊರಗೆ ಬಂದು ಡಾಕ್ಟರಿಗೆ ಫೋನು ಮಾಡಿದೆ.

"ಸರ್, ಹಣಮಂತನ ಮಗಳ ಸೊನ್ನಿ ಸುಳ್ಳು. ಮನಿ ಬಾಗಿಲಿಗಿ ಬೇವು ಕಟ್ಟಿತ್ತು."

"ಯಾವಾಗ ನೋಡಿದ್ರಿ?"

"ಕೈ ಓದಲಿಕ್ಕ ಹೋದ ದಿನಾನೇ ನೋಡಿದ್ದೆ."

"ಹುಡುಗಿ ಎಲ್ಲಿ ಅದಾಳ?" ಎಂದರು.

ಹಣಮಂತನ ಫೋನು ರಿಂಗಾಗುತ್ತಲೇ ಇತ್ತು. ಪಾಲಿಶ್ ಮಷೀನಿನ ಸದ್ದಿನಲ್ಲಿ ಅವನಿಗೆ ಕೇಳುವಂತಿರಲಿಲ್ಲ. ನಾಲ್ಕನೆಯ ಸಲಕ್ಕೆ ಎತ್ತಿದ. ಮಾವನ ಊರಿನ ಹೆಸರು ಹೇಳಿದ. ಚಂದಾಪುರದಿಂದ ಆಟೋ ಸಿಗುತ್ತದೆ ಎಂದ. "ಹುಡುಗಿ ಹ್ಯಾಂಗದಾಳ?" ಎಂದು ಕೇಳಿದರೆ, "ಮೊನ್ನಿ ತನ ತಲಿಶೂಲಿ ಅಂತ ಅಳ್ತಿದ್ಳಂತ್ರಿ. ಎರಡು ಸಲ ಕಾರಿಕೊಂಡಾಳಂತ. ಈಗ ಆರಾಮ ಅದಾಳಂತ್ರಿ" ಎಂದ. ಆ ಆರಾಮ ಎಂಬ ಮಾತಿಗೇ ನಾನು ಅಂಜಿದೆ. ಜ್ವರ, ತಲೆಶೂಲೆ, ವಾಂತಿ, ಆಮೇಲೆ ಸುಮ್ಮನಾಗುವುದು. ಕ್ಷಯ ಮಿದುಳಿನ ಪೊರೆಗೆ ಹತ್ತಿದರೆ ಹತ್ತುವ ಮೆಟ್ಟಿಲುಗಳು ಇವೇ. ಕೊನೆಯ ಮೆಟ್ಟಿಲ ತನಕ ಕೆಲವೇ ದಿನ ಇರುತ್ತದೆ.

ಚಿಂಚೋಳಿ ಬಸ್ಸು ಹತ್ತಿದೆ. ಕಂಡಕ್ಟರ್ ಪರಿಚಯದವನು. "ಅಕ್ಕೋರ, ಇವತ್ತೇನು ಈ ಕಡಿ? ಯಾರ ಉಗುಳು ಹುಡುಕ್ಕೋತ ಹೊಂಟೀರಿ?" ಎಂದು ನಗಿಸಲು ನೋಡಿದ. ನನ್ನ ಮುಖ ನೋಡಿ ಟಿಕೆಟ್ ಹರಿದು ಕೊಟ್ಟ. ಬಸ್ಸು ಪ್ರತಿ ಹಳ್ಳಿಯಲ್ಲೂ ನಿಂತಿತು. ಒಬ್ಬಳು ಕೋಳಿಬುಟ್ಟಿ ಹತ್ತಿಸಿದಳು, ಇಳಿಸಿದಳು. ಹಿರೇಮಠ ಡಾಕ್ಟರು ಫೋನು ಮಾಡಿ, ಚಿಂಚೋಳಿಯಲ್ಲಿ ಆಂಬುಲೆನ್ಸ್ ನಿಲ್ಲಿಸಿದ್ದೇನೆ, ಕಲಬುರಗಿಗೂ ಹೇಳಿದ್ದೇನೆ ಎಂದರು. "ಬೆನ್ನಿನ ನೀರು ತೆಗೀಬೇಕಾಗ್ತದ. ಉತ್ತರ ಬರೂ ತನ ಕಾಯಂಗಿಲ್ಲ, ಔಷಧ ಮೊದಲೇ ಶುರು ಮಾಡ್ತಾರ. ನೀವು ಹುಡುಗಿನ್ನ ಗಾಡ್ಯಾಗ ಹತ್ತಿಸ್ರಿ, ಅಷ್ಟ ಸಾಕು."

ಆ ಅಷ್ಟೇ ಸಾಕಾಗುವ ಕೆಲಸ ಎಷ್ಟು ದೊಡ್ಡದು ಎಂದು ಅವರಿಗೂ ಗೊತ್ತಿತ್ತು.

ಚಂದಾಪುರದಲ್ಲಿ ಇಳಿದು ಆಟೋ ಹಿಡಿದೆ. ಮನೆ ಸಿಕ್ಕಿತು. ನಾಗಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಮುಖದಲ್ಲಿ ಗೆಲುವಿತ್ತು. "ಬರ್ರಿ ಅಕ್ಕೋರ, ಕುಂದ್ರಿ. ಇಷ್ಟು ದೂರ ಬಂದೀರಿ? ಹುಡುಗಿ ಈಗ ನಿದ್ದಿ ಛಲೋ ಮಾಡ್ಲಿಕತ್ತಾಳ್ರಿ. ನಿನ್ನಿಲಿಂದ ಎದ್ದೇ ಇಲ್ಲ."

ಒಳಗೆ ಹೋದೆ. ಅಂಬೂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೆಸರು ಹಿಡಿದು ಕರೆದೆ. ಕಣ್ಣು ತೆರೆದಳು. ಒಂದು ಕಣ್ಣು ನನ್ನನ್ನು ನೋಡಿತು, ಇನ್ನೊಂದು ಮೂಗಿನ ಕಡೆ ಸರಿದಿತ್ತು. ಮತ್ತೆ ಮುಚ್ಚಿದಳು. ತಲೆಯ ಕೆಳಗೆ ಕೈ ಹಾಕಿ ಎತ್ತಿದೆ. ಕುತ್ತಿಗೆ ಬಾಗಲಿಲ್ಲ. ಕುತ್ತಿಗೆಯ ಬದಲು ಭುಜವೆಲ್ಲ ಹಲಗೆಯಂತೆ ಮೇಲಕ್ಕೆ ಬಂತು.

"ಇದು ನಿದ್ದಿ ಅಲ್ಲ ನಾಗಮ್ಮ. ಈಗಿಂದೀಗ ಕಲಬುರಗಿಗಿ ಒಯ್ಯಬೇಕು. ಅಲ್ಲಿ ಬೆನ್ನಿಗಿ ಸೂಜಿ ಹಾಕಿ ನೀರು ತೆಗೀತಾರ."

ಸೂಜಿ ಎಂದ ಕೂಡಲೇ ಅವಳು ಮಗಳಿಗೂ ನನಗೂ ನಡುವೆ ಬಂದು ನಿಂತಳು. "ಇನ್ನೊಂದು ಸೂಜಿ ಹಾಕ್ಸಿ ಕೊಡಂಗಿಲ್ರಿ. ನೀವು ಆವತ್ತ ಹಾಕಿದ ಸೂಜೀದಿಂದೇ ಹಿಂಗಾಗ್ಯಾದ. ಐದು ಮಂಗಳವಾರ ಮೈಗಿ ಕಬ್ಬಿಣ ತಾಕಸಂಗಿಲ್ಲ, ಒಗ್ಗರಣಿ ಹಾಕಂಗಿಲ್ಲ ಅಂತ ನಮ್ಮತ್ತಿ ಹರಕಿ ಹೊತ್ತಿದ್ದಳು. ದವಾಖಾನ್ಯಾಗ ಡಾಕ್ಟರ ಮುಂದ ಹೇಳಲಿಕ್ಕ ನನಗ ಬಾಯಿ ಬರ್ಲಿಲ್ಲ. ಇನ್ನೊಂದು ಮಂಗಳವಾರ ಉಳದದ. ಅದು ಮುಗೀಲಿ."

ಮಂಗಳವಾರಕ್ಕೆ ಇನ್ನೂ ಮೂರು ದಿನ. ಹುಡುಗಿಗೆ ಅಷ್ಟು ದಿನ ಇರಲಿಲ್ಲ.

ವಾದಿಸಲು ನನ್ನ ಹತ್ತಿರ ತುಂಬ ಮಾತಿದ್ದವು. ಕ್ರಿಮಿ, ಮಿದುಳು, ಪೊರೆ. ಇವು ಯಾವುವೂ ಆ ಹೆಂಗಸನ್ನು ಅಲ್ಲಿಂದ ಅಲುಗಿಸುವಂಥವಲ್ಲ ಎಂದು ಗೊತ್ತಿತ್ತು. ನಾನಿ ಕಲಿಸಿದ ಬೀಗ ಆ ಹೊತ್ತಿಗೂ ಬಾಯಿಯ ಮೇಲೆಯೇ ಇತ್ತು. ಅದನ್ನು ತೆಗೆಯುವುದು ಎಂದರೆ ನನ್ನ ತಪ್ಪು ಒಪ್ಪುವುದು ಎಂದಾಗಿತ್ತು.

"ನಾಗಮ್ಮ, ಸೂಜೀದಿಂದ ಏನೂ ಆಗಿಲ್ಲ. ದೇವಿದೂ ತಪ್ಪಿಲ್ಲ, ನಿಂದೂ ತಪ್ಪಿಲ್ಲ. ತಪ್ಪು ನಂದು. ನಿಮ್ಮ ಬಾಗಿಲಾಗ ಬೇವು ನೋಡಿದ್ದೆ. ದೇವಿ ಬಂದು ಹೋದ ಕೂಸಿನ ಕೈ ಊದಂಗಿಲ್ಲಂತ ನನಗ ಗೊತ್ತಿತ್ತು. ಗೊತ್ತಿದ್ದೂ ಕೇಳ್ಲಿಲ್ಲ. ಇಲ್ಲಂತ ಬರದೆ. ಆವತ್ತೇ ಕೇಳಿದ್ರ ಡಾಕ್ಟರು ಆವತ್ತೇ ಔಷಧ ಕೊಡ್ತಿದ್ರು. ಈ ಗತಿ ಬರ್ತಿದ್ದಿಲ್ಲ."

ಅವಳು ಒಂದು ಹೆಜ್ಜೆ ನನ್ನ ಕಡೆ ಬಂದಳು.

"ನೋಡಿದ್ರಿ?"

"ಹೂಂ."

"ನೋಡಿ ಸುಮ್ಮಕ ಎದ್ದು ಹೋದ್ರಿ?"

"ಹೌದವ್ವಾ."

"ನಾವಾರ ಸಾಲಿ ಕಲಿಯದ ಅನಪಡ ಮಂದಿ. ನಿಮಗೇನಾಗಿತ್ರಿ?"

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವಳ ತಾಯಿ ಒಳಗೆ ಬಂದಳು. ಕುಳ್ಳಗಿನ ಮುದುಕಿ, ಹಣೆಯ ತುಂಬ ಕುಂಕುಮ. "ಸಿಟ್ಟು ಆಮ್ಯಾಲ ಮಾಡುವಂತಿ, ನಡಿ" ಎಂದಳು ಮಗಳಿಗೆ. "ದೇವಿ ಕೂಡ ನಾ ಮಾತಾಡ್ತೀನಿ. ಉಳಿದ ಮಂಗಳವಾರ ನಾ ಹಿಡೀತೀನಿ. ನೀ ಕೂಸಿನ್ನ ಎತ್ತು."

ನಾಗಮ್ಮ ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ನಾನು ಕೈ ನೀಡಿದರೆ ಸರಿದು ನಿಂತಳು. ಆಟೋದಲ್ಲಿಯೂ, ಆಂಬುಲೆನ್ಸಿನಲ್ಲಿಯೂ, ಕಲಬುರಗಿ ಮುಟ್ಟುವ ತನಕ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ದಾರಿಯಲ್ಲಿ ಅಂಬೂಗೆ ಒಮ್ಮೆ ಸೆಟೆತ ಬಂತು. ಆ ಹೊತ್ತಿನಲ್ಲಿ ತಾಯಿ ಕೂಗಲಿಲ್ಲ, ನನ್ನನ್ನು ನೋಡಿದಳು ಅಷ್ಟೇ.

ಬೆನ್ನಿನ ನೀರು ತೆಗೆದರು. ಔಷಧವನ್ನು ಅಂದೇ ಶುರು ಮಾಡಿದರು. ಐದು ದಿನ ಏನೂ ತಿಳಿಯಲಿಲ್ಲ. ಆರನೆಯ ದಿನ ನಾನು ಬಾಗಿಲ ಹೊರಗೆ ನಿಂತಿದ್ದಾಗ ಒಳಗಿನಿಂದ ಸಣ್ಣ ದನಿ ಬಂತು: "ಯವ್ವಾ, ಆ ಲೈಟ್ ಬಂದ್ ಮಾಡು. ಕಣ್ಣಾಗ ಚುಚ್ಲಿಕತ್ತಾದ." ನಾನು ಒಳಗೆ ಹೋಗಲಿಲ್ಲ. ಹಾಗೆಯೇ ಮೆಟ್ಟಿಲಿಳಿದು ಬಂದೆ.

ವಾಡಿಗೆ ಮರಳಿ ಬಂದು ಹಿರೇಮಠ ಡಾಕ್ಟರ ಮುಂದೆ ರಿಜಿಸ್ಟರು ಇಟ್ಟೆ. ಆ ಸಾಲನ್ನು ಹೊಡೆದು ಹಾಕಿ ಸರಿಯಾದದ್ದನ್ನು ಬರೆಯಲೇ ಎಂದು ಕೇಳಿದೆ.

"ಅಳಿಸಬ್ಯಾಡ್ರಿ. ಸೊನ್ನಿ ಖರೇನೇ ಅದ, ಕೈ ಊದಿದ್ದಿಲ್ಲ. ಬಾಜೂಕ ಯಾಕಂತ ಬರೀರಿ." ರಿಜಿಸ್ಟರನ್ನು ನನ್ನ ಕಡೆ ಸರಿಸಿ, "ಸೊನ್ನಿ ಬರದವರು ನೀವು, ನಂಬಿದಂವ ನಾನು. ಗೊಬ್ಬರ ಬಂದಿತ್ತೇನಂತ ನಾನೂ ಒಂದು ಮಾತು ಕೇಳ್ಬಹುದಿತ್ತು. ಬ್ಯಾರೆಯವರಿಗಿ ಪಾಠ ಹೇಳಿ, ನಾನೇ ಕಾಗದ ನೋಡಿ ಕುಂತೆ" ಎಂದರು. ಅಷ್ಟು ಉದ್ದದ ಮಾತನ್ನು ಅವರು ತಮ್ಮ ಬಗ್ಗೆ ಆಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವರ ಮುಂದೆಯೇ ನಮೂನೆಯ ಆ ಸಾಲಿನ ಕೆಳಗೆ ಕೈಯಿಂದ ಇನ್ನೊಂದು ಸಾಲು ಬರೆದೆವು: ದೇವಿ ಬಂದು ಹೋಗಿ ಎಷ್ಟು ದಿನ ಆಯಿತು? ಸೂಜಿ ಹಾಕುವ ಮೊದಲೇ ಇದನ್ನು ಕೇಳಬೇಕು ಎಂದು ಗೊತ್ತುಮಾಡಿದೆವು. ಬಂದಿತ್ತೇ ಎಂದರೆ ಇಲ್ಲ ಎನ್ನುತ್ತಾರೆ. ಎಷ್ಟು ದಿನವಾಯಿತು ಎಂದು ಕೈಮುಗಿದು ಕೇಳಿದರೆ, ಬರದೇ ಇದ್ದವರು ಬಂದೇ ಇಲ್ರಿ ಎನ್ನುತ್ತಾರೆ. ಬಂದವರು ದಿನ ಎಣಿಸತೊಡಗುತ್ತಾರೆ.

ಈಗ ಕಫವನ್ನು ಒಂದು ಡಬ್ಬಿಯಂಥದ್ದಕ್ಕೆ ಹಾಕಿದರೆ ಯಂತ್ರವೇ ಎರಡು ತಾಸಿನಲ್ಲಿ ಕ್ರಿಮಿ ಇದೆಯೋ ಇಲ್ಲವೋ, ಯಾವ ಔಷಧಕ್ಕೆ ಬಗ್ಗುವುದಿಲ್ಲ ಎಂಬುದನ್ನೂ ಹೇಳುತ್ತದೆ. ನಮ್ಮ ಕಾಲದಲ್ಲಿ ಒಂದೊಂದು ಸ್ಲೈಡಿಗೆ ನೂರು ನೋಟ ನೋಡಿ ಕತ್ತು ಹಿಡಿದುಕೊಳ್ಳುತ್ತಿತ್ತು. ಯಂತ್ರ ಬಂದದ್ದು ನನಗೆ ಖುಷಿಯೇ. ಹೊಸ ಹುಡುಗಿಯರು ಅದರ ಮುಂದೆ ಕುಳಿತು, "ಇದು ತಪ್ಪಂಗಿಲ್ರಿ ಮೇಡಂ" ಎನ್ನುತ್ತಾರೆ. ತಪ್ಪುವುದಿಲ್ಲ, ಒಪ್ಪಿದೆ. ಯಾರ ಕಫ, ಯಾವ ಮನೆಯದು, ಆ ಮನೆಯಲ್ಲಿ ಕಳೆದ ತಿಂಗಳು ಏನಾಗಿತ್ತು ಎಂದು ಅದು ಎದ್ದು ಹೋಗಿ ಕೇಳುವುದಿಲ್ಲ, ಅಷ್ಟೇ.

ಅಂಬೂ ಒಂದು ವರ್ಷ ಔಷಧ ತೆಗೆದುಕೊಂಡಳು. ನಡೆಯುತ್ತಾಳೆ, ಓದುತ್ತಾಳೆ. ಎಡಗಣ್ಣು ಮಾತ್ರ ಸ್ವಲ್ಪ ಒಳಗೆ ಸರಿದದ್ದು ಹಾಗೆಯೇ ಉಳಿಯಿತು. ಫೋಟೋ ತೆಗೆಯುವಾಗ ಮುಖ ಒಂದು ಕಡೆ ತಿರುಗಿಸುತ್ತಾಳಂತೆ. ಮೊದಲ ತಪಾಸಣೆಗೆ ಬಂದ ದಿನ ರಕ್ತ ತೆಗೆಯಲು ನಾನು ಅವಳ ತೋಳಿಗೆ ಪಟ್ಟಿ ಕಟ್ಟಹೋದೆ. ನಾಗಮ್ಮ ನನ್ನ ಕೈ ಸರಿಸಿದಳು.

"ನೀವು ಬ್ಯಾಡ್ರಿ. ಬ್ಯಾರೆಯವರು ತಗೀಲಿ."

ನಾನು ಎದ್ದು ಜಾಗ ಬಿಟ್ಟೆ. ಸಹೋದ್ಯೋಗಿ ಬಂದು ರಕ್ತ ತೆಗೆದಳು. ಆ ವರ್ಷವಿಡೀ ಹಾಗೆಯೇ ನಡೆಯಿತು. ನನಗೆ ನೋವಾಯಿತೇ ಎಂದು ಕೇಳಿದರೆ ಆಯಿತು. ಅವಳು ಹಾಗೆ ಮಾಡಿದ್ದು ಸರಿಯಲ್ಲ ಎಂದು ಒಂದು ದಿನವೂ ಅನಿಸಲಿಲ್ಲ.

ಔಷಧ ಮುಗಿದು ಎಷ್ಟೋ ತಿಂಗಳಾದ ಮೇಲೆ, ಒಂದು ಮುಂಜಾನೆ ಲ್ಯಾಬಿನ ಕಿಟಕಿಯ ಹೊರಗೆ ನಾಗಮ್ಮ ಬಂದು ನಿಂತಳು. ಮಗಳು ಜೊತೆಗಿರಲಿಲ್ಲ. "ಅಂಬೂ ಹ್ಯಾಂಗದಾಳ?" ಎಂದೆ.

"ಸಾಲಿಗಿ ಹೋಗ್ಯಾಳ." ಅವಳು ನನ್ನ ಮುಖ ನೋಡಲಿಲ್ಲ, ಕಿಟಕಿಯ ಸರಳು ನೋಡುತ್ತಿದ್ದಳು. ಅತ್ತಿತ್ತ ಯಾರೂ ಇಲ್ಲ ಎಂದು ನೋಡಿಕೊಂಡು ದನಿ ತಗ್ಗಿಸಿದಳು. "ನಮ್ಮ ಓಣ್ಯಾಗ ಮೂರನೇ ಮನಿಗಿ ದೇವಿ ಬಂದಾಳ. ಎರಡು ಕೂಸಿಗಿ. ಆ ಮನ್ಯಾಗ ಕೆಮ್ಮೂ ಮುದುಕ ಅದಾನ. ಅವ್ರು ಹೇಳಂಗಿಲ್ಲ, ನೀವು ಕೇಳಂಗಿಲ್ಲ. ಅದಕ್ಕ ನಾ ಹೇಳ್ಲಿಕತ್ತೀನಿ. ಬರಕೋರಿ."

ನಾನು ಪೆನ್ನು ತೆಗೆದು ಬರೆದುಕೊಂಡೆ. ಬರೆದು ಮುಗಿಯುವ ತನಕ ಅವಳು ಸರಳು ಹಿಡಿದು ನಿಂತಿದ್ದಳು.

"ಓದ್ರಿ" ಎಂದಳು.

ಓದಿ ಹೇಳಿದೆ. ಮನೆಯ ಗುರುತು ತಪ್ಪಿತ್ತು. ತಿದ್ದಿಸಿದಳು. ಮತ್ತೊಮ್ಮೆ ಓದಿಸಿದಳು. ಆಮೇಲೆ ಸೆರಗು ಹೊದ್ದುಕೊಂಡು ಹೊರಟುಹೋದಳು.